ಖರೇ ಮೀನು

ನಮ್ಮೂರಲ್ಲಿ ಮೀನು ತಿನ್ನುವವರಿಲ್ಲ, ಆದರೆ ಮೀನಿಲ್ಲದೆ ಮದುವೆಯೂ ಇಲ್ಲ. ಹತ್ತಿರದಲ್ಲೆಲ್ಲೂ ಹೊಳೆಯಿಲ್ಲ. ಕೆರೆ ಎನ್ನುವುದು ಮಳೆಗಾಲದ ಎರಡು ತಿಂಗಳ ಮಾತು. ಸಮುದ್ರ ನೋಡಿ ಬಂದವರು ಇಬ್ಬರೋ ಮೂವರೋ ಇದ್ದಾರೆ, ಅವರು ಹೇಳುವುದನ್ನು ಯಾರೂ ಪೂರ್ತಿ ನಂಬುವುದಿಲ್ಲ. ನಮ್ಮ ಮೀನುಗಳೆಲ್ಲ ಕಲ್ಲಿನೊಳಗಿನವು. ಊರ ಹಿಂದಿನ ಖಣಿಯಲ್ಲಿ ಫರಸಿ ಕಲ್ಲನ್ನು ಪದರ ಪದರವಾಗಿ ಎಬ್ಬಿಸುವಾಗ, ತೀರ ಕೆಳಗಿನ ಪದರದಲ್ಲಿ ಅಪರೂಪಕ್ಕೆ ಒಂದು ಮೀನು ಸಿಗುತ್ತದೆ. ಮುಳ್ಳು, ರೆಕ್ಕೆ, ಕಣ್ಣಿನ ಗುಂಡಿ ಎಲ್ಲ ಇದ್ದಂತೆಯೇ ಇದ್ದು ಕಲ್ಲಾದದ್ದು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಮಗಳ ಉಡಿ ತುಂಬಿ ಕಳಿಸುವಾಗ ಅಂಥದೊಂದು ಮೀನಿರುವ ಫರಸಿಯನ್ನೂ ಜೊತೆಗೆ ಕೊಡಬೇಕು. ಅದಕ್ಕೆ ಉಡಿಮೀನು ಎನ್ನುತ್ತಾರೆ. ಗಂಡಿನ ಕಡೆಯವರು ಅದನ್ನು ತಮ್ಮ ಪಡಸಾಲೆಯ ನೆಲದಲ್ಲಿ ಕೂಡಿಸುತ್ತಾರೆ, ಸೊಸೆ ಬಲಗಾಲಿಂದ ಆ ಕಲ್ಲನ್ನು ಮೆಟ್ಟಿ ಮನೆ ತುಂಬುತ್ತಾಳೆ.

ಆಮೇಲೆ ಮೀನು ಆ ಕಲ್ಲಿನಲ್ಲಿಯೇ ನಿಂತರೆ ಸೊಸೆ ನಿಂತಳು ಎಂದರ್ಥ. ಕಲ್ಲು ಬಿಟ್ಟು ಹೋದರೆ ಸೊಸೆಯ ಮನಸ್ಸು ಮನೆ ಬಿಟ್ಟಿತು ಎಂದರ್ಥ. ಕಲ್ಲಿನ ಮೀನು ಹೋಗುವುದುಂಟೇ ಎಂದು ಹೊರಗಿನವರು ಕೇಳುತ್ತಾರೆ. ಹೋಗದೆ ಏನು? ಯಾರೂ ನೋಡದಿರುವಾಗ, ಸೋರೆಕಾಯಿ ಬೆಳೆದ ಹಾಗೆ, ಗೊತ್ತಾಗದಂತೆ ಹೋಗುತ್ತದೆ. ಕಲ್ಲಿಗೆ ಕಲ್ಲು ತಗುಲಿಕೊಂಡಿರುವ ತನಕ ಹೋಗುತ್ತದೆ, ಮಣ್ಣು ಬಂದಲ್ಲಿ ನಿಲ್ಲುತ್ತದೆ. ಹೀಗಾಗಿ ಗೋಡೆಗೆ ಗೋಡೆ ಹತ್ತಿದ ಮನೆಯವರು, ನಿಮ್ಮ ಮೀನು ನಮ್ಮ ಬಚ್ಚಲದಾಗ ಬಂದೈತಿ ನೋಡ್ರಿ ಎಂದು ಬಂದು ಹೇಳುವುದು ನಮ್ಮಲ್ಲಿ ಒಂದು ಮರ್ಯಾದೆ, ಹೇಳಿದ್ದಕ್ಕೆ ಜಗಳವಾಗುವುದೂ ವಾಡಿಕೆ. ಅತ್ತೆಯಾದವಳು ಬೆಳಗ್ಗೆ ಎದ್ದು ದೇವರಿಗೆ ಕೈ ಮುಗಿಯುವುದಕ್ಕಿಂತ ಮೊದಲು ಮೀನಿನ ಕಡೆ ಕಣ್ಣು ಹಾಯಿಸುತ್ತಾಳೆ. ಆ ಕಲ್ಲಿನ ಮೇಲೆ ಚಾಪೆ ಹಾಸುವ ಸೊಸೆಯನ್ನು ಯಾರೂ ನಂಬುವುದಿಲ್ಲ.

ಒಂದು ಮಾತು ಮಾತ್ರ ಊರಿಗೆಲ್ಲ ಹೆಮ್ಮೆಯದಾಗಿತ್ತು. ದೊಡ್ಡ ಮನೆತನಗಳ ಮೀನುಗಳು ತಲೆಮಾರುಗಟ್ಟಲೆಯಿಂದ ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ. ಹೋದ ಮೀನುಗಳೆಲ್ಲ ಖಣಿಯಲ್ಲಿ ದುಡಿಯುವವರವು, ಗಾಡಿ ಹೊಡೆಯುವವರವು, ಒಟ್ಟಿನಲ್ಲಿ ನಮ್ಮಂಥವರವು. ಸಂಸ್ಕಾರ ಅಂದ್ರ ಇದು ಎಂದು ಹಿರಿಯರು ಉಪದೇಶ ಮಾಡುತ್ತಿದ್ದರು. ಅದರ ನಿಜವಾದ ಕಾರಣ ಊರಲ್ಲಿ ಪೂರ್ತಿ ಗೊತ್ತಿದ್ದದ್ದು ಕಲ್ಲುಕುಟಿಗ ಮೌನೇಶಾಚಾರಿಯೊಬ್ಬನಿಗೇ. ಅವನು ಹೆಸರಿಗೆ ತಕ್ಕ ಹಾಗೆ ಬಾಯಿ ಮುಚ್ಚಿಕೊಂಡು ಉಂಡುಟ್ಟು ಚೆನ್ನಾಗಿದ್ದ.

ನನ್ನಕ್ಕ ಪಾರವ್ವನನ್ನು ಕೇಳಿಕೊಂಡು ಬಂದವರು ಸಣ್ಣ ಮನೆಯವರಲ್ಲ, ಪಟ್ಟೇದ ಮನೆತನದವರು. ಅವರ ಹಿರಿಯ ಮಗ ಅಡಿವೆಪ್ಪ ಖಣಿಯ ಬಾವಿಯ ಹತ್ತಿರ ಅಕ್ಕನನ್ನು ನೋಡಿ ಊಟ ಬಿಟ್ಟನೆಂದೂ, ಊಟ ಬಿಟ್ಟ ಮಗನನ್ನು ನೋಡಲಾರದೆ ತಾಯಿ ಶಂಕ್ರವ್ವ ಒಪ್ಪಿಕೊಂಡಳೆಂದೂ ಸುದ್ದಿಯಿತ್ತು. ಅಪ್ಪ ಖಣಿಯಲ್ಲಿ ಕಲ್ಲು ಎಬ್ಬಿಸುವವನು. ದೊಡ್ಡ ಮನೆಗೆ ಹೆಣ್ಣು ಕೊಡುವವರು ಉಡಿಮೀನಿಗೆ ಮೌನೇಶಾಚಾರಿಯನ್ನು ಕಾಣುತ್ತಾರೆಂದು ಯಾರೋ ಅಪ್ಪನ ಕಿವಿಯಲ್ಲಿ ಹೇಳಿದರು. ಅಪ್ಪನಿಗೆ ಅದರ ಸೂಚನೆ ತಿಳಿಯಲಿಲ್ಲ, ತಿಳಿದಿದ್ದರೂ ಒಪ್ಪುತ್ತಿರಲಿಲ್ಲ. ಮಗಳಿಗೆ ಖರೇ ಮೀನನ್ನೇ ಕೊಡಬೇಕೆಂದು ಒಂದು ಬೇಸಗೆ ಪೂರ್ತಿ ಖಣಿಯ ತಳದಲ್ಲಿ ಕೂತು, ಬೆನ್ನು ಸುಟ್ಟುಕೊಂಡು, ಒಂದು ಮೀನು ತೆಗೆದ. ನಾನು ಅಂಥದನ್ನು ಆಮೇಲೆ ನೋಡಲಿಲ್ಲ. ಜೋಳದ ರೊಟ್ಟಿಯಷ್ಟು ಉದ್ದ, ಬಾಲ ಬೀಸಿಕೊಂಡು, ಬಾಯಿ ಒಂದಿಷ್ಟೇ ತೆರೆದು, ಏನೋ ಹೇಳಬೇಕೆಂದು ಹೊರಟು ಅಲ್ಲಿಗೇ ನಿಂತಂತಿತ್ತು.

ಖರೇ ಕೊಟ್ಟವರ ಗತಿ ಏನಾಗಬೇಕೋ ಅದೇ ಆಯಿತು. ಮದುವೆಯಾಗಿ ಮೂರನೆಯ ವರ್ಷ ಶಂಕ್ರವ್ವ ಬೆಳಗ್ಗೆ ಎದ್ದು ನೋಡಿದರೆ ಕಲ್ಲಿನಲ್ಲಿ ಬಾಲವಷ್ಟೇ ಉಳಿದಿತ್ತು. ಕೆಲವು ದಿನಕ್ಕೆ ಅದೂ ಇಲ್ಲ. ಪಡಸಾಲೆ, ಅಡುಗೆಮನೆ, ಅಂಗಳ, ಓಣಿ ಎಲ್ಲ ಹುಡುಕಿದರು. ಮೀನು ಸಿಗದಿದ್ದಾಗ ಊರ ಹಿರಿಯರನ್ನು ಕೂಡಿಸಿದರು. ಅವರಲ್ಲಿ ದೊಡ್ಡವನಾದ ಗುರಬಸಪ್ಪಜ್ಜ ಪದ್ಧತಿಯ ಪ್ರಕಾರ ಅಕ್ಕನನ್ನು ಎದುರಿಗೆ ನಿಲ್ಲಿಸಿ ಕೇಳಿದ:

"ಪಾರವ್ವಾ, ಈ ಮನ್ಯಾಗ ಇರಾಕ ನಿನಗ ಮನಸೈತೇನು?"

"ಐತ್ರಿ ಅಜ್ಜಾ. ನಾ ಇರತೇನ್ರಿ," ಅಂದಳು ಅಕ್ಕ.

ಅಜ್ಜ ಖಾಲಿ ಕಲ್ಲನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದ. "ನಿನ್ನ ಬಾಯಿ ಇರತೇನಂತೈತಿ. ಮೀನ ಹೊಂಟ ಹೋಗೈತಿ. ನೀ ಸುಳ್ಳ ಹೇಳಬಹುದವಾ, ಕಲ್ಲ ಯಾಕ ಸುಳ್ಳ ಹೇಳತೈತಿ?"

ಅಡಿವೆಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ, ಕೇಳದ ಮಾತಿಗೆ ಉತ್ತರ ಕೊಡುವ ರೂಢಿ ಅವನಿಗಿರಲಿಲ್ಲ. ಅಪ್ಪ ಮಗಳನ್ನು ಕರೆದುಕೊಂಡು ಬಂದ.

ಮೀನು ತವರಿಗೆ ಹೋಗಿದೆ ಎಂದು ಹಿರಿಯರು ತೀರ್ಮಾನ ಹೇಳಿದ್ದರು. ನಮ್ಮ ಮನೆಯದು ಸಗಣಿ ಸಾರಿಸಿದ ಮಣ್ಣಿನ ನೆಲ, ಮೀನು ಬರುವುದಾದರೂ ಎಲ್ಲಿಂದ? ಯಾರೋ ಇದನ್ನು ಹಿರಿಯರ ಗಮನಕ್ಕೆ ತಂದರು. ಅವರು ಯೋಚಿಸಿ, ಹಂಗಾದ್ರ ಇನ್ನೂ ದಾರ್ಯಾಗ ಇರಬೇಕು ಅಂದರು. ಅವ್ವ ಮಾತ್ರ ಅದನ್ನು ನಂಬಿ, ಬಡಪಾಯಿ ಬಂದರೆ ನಿಲ್ಲಲು ಜಾಗವಾದರೂ ಇರಲಿ ಎಂದು ಹೊಸ್ತಿಲ ಹೊರಗೆ ಒಂದು ಫರಸಿ ಹಾಕಿಸಿದಳು. ಸಾಯುವ ತನಕ ಅದನ್ನು ದಿನಾ ತೊಳೆಯುತ್ತಿದ್ದಳು.

ಅಪ್ಪ ಅವ್ವ ಹೋದ ಮೇಲೆ ಅಕ್ಕ ಸಂತೆ ಬೀದಿಯಲ್ಲಿ ಖಾನಾವಳಿ ಹಾಕಿದಳು. ನಾನು ಅದರ ಗಲ್ಲೆಯ ಮೇಲೆ ಕೂತು ಹಣ ಎಣಿಸಿಕೊಳ್ಳುತ್ತೇನೆ. ಮೀನಿನ ಉಸಾಬರಿ ಬೇಡವೆಂದು ನಾನು ಮದುವೆಯ ಹೆಸರೆತ್ತಲಿಲ್ಲ. ಅಕ್ಕ ಬಡಿದ ರೊಟ್ಟಿ, ಹುರಿದ ಶೇಂಗಾ ಚಟ್ನಿ, ಮಡಿಕೆಕಾಳಿನ ಪಲ್ಯ ಎಂದರೆ ಸುತ್ತಲಿನ ಹಳ್ಳಿಯವರು ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಗಂಡ ಬಿಟ್ಟವಳ ಕೈಯಡುಗೆ ಎಂದು ಮೂಗು ಮುರಿದವರೂ ಮೂಗು ಮುರಿಯುತ್ತಲೇ ಎರಡನೆಯ ರೊಟ್ಟಿ ಕೇಳುತ್ತಾರೆ. ಸಂತೆಯ ದಿನ ಅಡಿವೆಪ್ಪನೂ ಬರುತ್ತಿದ್ದ. ಬೇರೆ ಮದುವೆ ಆಗು ಎಂದು ತಾಯಿ ಬೆನ್ನು ಹತ್ತಿದರೂ ಆತ ಆಗಿರಲಿಲ್ಲ. ಹೂಂ ಅನ್ನದೆ, ಊಹೂಂ ಅನ್ನದೆ ಕಾಲ ತಳ್ಳಿದ್ದ. ಮೂಲೆಯಲ್ಲಿ ಕೂತು, ಗಂಗಾಳದಿಂದ ಕಣ್ಣೆತ್ತದೆ ಉಂಡು ಹೋಗುತ್ತಿದ್ದ. ಅವನ ಗಂಗಾಳಕ್ಕೆ ಕೆನೆಮೊಸರು ಹೋಗುತ್ತಿದ್ದುದನ್ನು ನಾನು ನೋಡಿಯೂ ನೋಡದಂತಿದ್ದೆ. ಅವನು ಎದ್ದುಹೋದ ಮೇಲೆ ಅಕ್ಕ ಸ್ವಲ್ಪ ಹೊತ್ತು ಯಾರ ಮೇಲಾದರೂ ರೇಗುತ್ತಿದ್ದಳು, ಹೆಚ್ಚಾಗಿ ನನ್ನ ಮೇಲೆ.

ಅಕ್ಕನನ್ನು ಹೊರಗೆ ಹಾಕಿದ್ದನ್ನು ನಾನು ಸಹಿಸಿಕೊಂಡೆನೇನೋ. ಸಹಿಸಲಾಗದಿದ್ದದ್ದು ಬೇರೆ. ವರ್ಷ ಕಳೆದಂತೆ ಅವಳೂ ಮೀನನ್ನೇ ನಂಬತೊಡಗಿದ್ದಳು.

"ಹೋಗಬೇಕಂತ ನಾ ಒಂದಿನಾನೂ ಅಂದಕೊಂಡಿದ್ದಿಲ್ಲೋ ಈರಣ್ಣ," ಅನ್ನುತ್ತಿದ್ದಳು ಹಿಟ್ಟು ನಾದುತ್ತ. "ಆದ್ರ ನನಗ ಗೊತ್ತಿಲ್ಲದಂಗ ಒಳಗೊಳಗ ಅಂದಕೊಂಡಿರಬೇಕು. ಇಲ್ಲಂದ್ರ ಮೀನ ಯಾಕ ಹೋಗತಿತ್ತು ಹೇಳು? ಅವರ ಮ್ಯಾಲ ನನಗ ಜೀವಾನ ಇತ್ತು ಅಂತ ನಾ ಅಂದಕೊಂಡಿದ್ದೆ. ಅದೂ ಸುಳ್ಳ ಇರಬೇಕು."

ಮನೆ ಕಳೆದುಕೊಂಡರೆ ಮತ್ತೊಂದು ಕಟ್ಟಬಹುದು. ತನ್ನ ಮನಸ್ಸು ತನಗೇ ಸುಳ್ಳು ಹೇಳಿತು ಎಂದುಕೊಂಡು ಬದುಕುವವಳಿಗೆ ಏನು ಕಟ್ಟಿಕೊಡುವುದು?

ಇಂಥ ಊರಿಗೆ ವರದರಾಜ ಅಯ್ಯಂಗಾರರು ಬಂದಿಳಿದರು. ದೂರದ ಶಹರದವರು, ಮೀನಿನ ಕಲ್ಲುಗಳನ್ನು ಸಂಗ್ರಹಿಸುವ ಹುಚ್ಚಿನವರು. ದಪ್ಪ ಕನ್ನಡಕ, ತೋಳಿಗೊಂದು ಚೀಲ, ಚೀಲದಲ್ಲಿ ಭೂತಗನ್ನಡಿ, ಚಿಕ್ಕ ಸುತ್ತಿಗೆ, ಹತ್ತಿ, ಒಂದು ಸೀಸೆ ಸ್ಪಿರಿಟ್ಟು. ಖಾನಾವಳಿಗೆ ಬಂದು ಮೊದಲ ಮಾತಿಗೆ, "ಅಮ್ಮಾ, ನನಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಏನಾದರೂ ಇದ್ದರೆ ಬಡಿಸಿ," ಅಂದರು. ಎರಡನೆಯ ಮಾತಿಗೆ, "ಈ ಊರಲ್ಲಿ ಮೀನು ಎಲ್ಲಿ ಸಿಗುತ್ತೆ?" ಅಂದರು. ಪಂಕ್ತಿಯಲ್ಲಿ ಕೂತವರೆಲ್ಲ ಕೈ ತುತ್ತು ಕೈಯಲ್ಲೇ ಹಿಡಿದು ಅವರನ್ನು ನೋಡಿದರು.

ಅವರು ಜೀವಮಾನವೆಲ್ಲ ಮೋಸ ಹೋದವರು. ದೇಶ ತಿರುಗಿ ತಂದ ಮೀನುಗಳಲ್ಲಿ ಒಂದು ಸಿಮೆಂಟಿನದು, ಒಂದು ಸುಣ್ಣದ್ದು, ಇನ್ನೊಂದು ಯಾವುದೋ ಕೋಳಿಯ ಎಲುಬು ಅಂಟಿಸಿದ್ದು ಎಂದು ತಿಳಿಯುತ್ತ ತಿಳಿಯುತ್ತ ಅವರ ತಲೆ ನೆರೆತಿತ್ತು. "ಈರಣ್ಣನವರೇ, ಸಾಯೋದರೊಳಗೆ ಒಂದೇ ಒಂದು ಅಪ್ಪಟ ಮೀನು ನನ್ನ ಕೈಗೆ ಬರಬೇಕು. ಕೋಟ್ಯಂತರ ವರ್ಷದ ಹಿಂದೆ ನಿಜವಾಗಿ ಈಜಾಡಿದ್ದು," ಅಂದರು. ನಮ್ಮಲ್ಲಿ ಮನೆಗೊಂದು ಇದೆ ಎಂದಾಗ ಅವರಿಗೆ ಮಜ್ಜಿಗೆ ನೆತ್ತಿಗೇರಿತು. ಅವು ಕದಲುತ್ತವೆ ಎಂದಾಗ ಮಾತ್ರ ಕರುಣೆಯಿಂದ ನಕ್ಕರು. "ಮೀನು ಕದಲೋದಿಲ್ಲಪ್ಪ. ಕಲ್ಲಾಗೋದು ಅಂದರೆ ಅದೇ."

ಊರು ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡ ಮನೆತನದವರು, ಶಹರದ ಪಂಡಿತರು ತಮ್ಮ ಮೀನು ನೋಡಲು ಬರುತ್ತಾರೆಂದು ನೆಲ ತೊಳೆದು, ರಂಗೋಲಿ ಹಾಕಿ ಕಾದರು. ಮೊದಲು ಹೋದದ್ದು ಗುರಬಸಪ್ಪಜ್ಜನ ಮನೆಗೇ. ಅಯ್ಯಂಗಾರರು ನೆಲದ ಮೇಲೆ ಬೋರಲು ಬಿದ್ದ ಹಾಗೆ ಬಾಗಿ, ಭೂತಗನ್ನಡಿ ಹಿಡಿದು, ಹತ್ತಿಗೆ ಸ್ಪಿರಿಟ್ಟು ಹಚ್ಚಿ ಮೀನಿನ ಬೆನ್ನು ಒರೆಸಿದರು. ಹತ್ತಿ ಕಂದಾಯಿತು. ಮೂಸಿ ನೋಡಿದರು.

"ಚಹಾ," ಅಂದರು.

"ಮಾಡಸ್ತೇನ್ರಿ," ಅಂದ ಅಜ್ಜ.

"ಅಲ್ಲ ಯಜಮಾನರೇ. ಈ ಮೀನಿಗೆ ಚಹಾದ ಡಿಕಾಕ್ಷನ್ ಬಳಿದು ಬಣ್ಣ ಬರಿಸಿದ್ದಾರೆ. ಉಳಿ ಆಡಿಸಿದ ಗುರುತು ಇಲ್ಲಿದೆ ನೋಡಿ. ಇದು ನಕಲಿ."

ಅವರಿಗೆ ಇದರಲ್ಲಿ ದ್ವೇಷವೇನೂ ಇರಲಿಲ್ಲ. ನಕಲಿಯನ್ನು ನಕಲಿ ಎನ್ನದಿದ್ದರೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ, ಅಷ್ಟೆ. ಅಲ್ಲಿಂದ ಮುಂದಿನ ಮನೆ, ಅದರ ಮುಂದಿನ ಮನೆ. ನಕಲಿ, ನಕಲಿ, ಇದೂ ನಕಲಿ, ಇದು ಚೆನ್ನಾಗಿರೋ ನಕಲಿ. ಸಂಜೆಯ ಹೊತ್ತಿಗೆ ಊರಿನ ಸಂಸ್ಕಾರವೆಲ್ಲ ಹತ್ತಿಗೆ ಹತ್ತಿಕೊಂಡು ಬಂದಿತ್ತು. ಜನ ದೊಣ್ಣೆ ಹಿಡಿದು ಮೌನೇಶಾಚಾರಿಯ ಮನೆಗೆ ನುಗ್ಗಿದರು. ಅವನು ಉಳಿ ಕೆಳಗಿಟ್ಟು ಸಮಾಧಾನದಿಂದ ಹೇಳಿದ:

"ನಾ ಯಾವತ್ತರ ಖರೇ ಮೀನ ಅಂತ ಹೇಳೇನೇನ್ರಿ? ನಿಂತಲ್ಲೇ ನಿಂದರೂ ಮೀನ ಬೇಕು ಅಂದ್ರಿ, ನಿಂದರೂದ ಮಾಡಿಕೊಟ್ಟೆ. ನಿಮ್ಮ ಅಪ್ಪಗೋಳಿಗೆ ನಮ್ಮಪ್ಪನೂ ಅದನ್ನ ಮಾಡಿಕೊಟ್ಟಾನ. ಒಂದರ ಓಡಿ ಹೋಗೈತೇನು ತೋರಸ್ರಿ."

ದೊಣ್ಣೆಗಳು ಬಂದ ದಾರಿಯಲ್ಲೇ ಮನೆಗೆ ಹೋದವು.

ನಮ್ಮವರು ಗಾಳಿ ಬಂದಾಗ ತೂರಿಕೊಳ್ಳುವವರು. ಒಂದು ವಾರ ಮುಖ ಸಣ್ಣ ಮಾಡಿಕೊಂಡು ಓಡಾಡಿದರು, ಎರಡನೆಯ ವಾರಕ್ಕೆ ದಾರಿ ಕಂಡುಕೊಂಡರು. ನಿಂತ ಮೀನು ನಕಲಿಯಾದರೆ ಹೋದ ಮೀನು ಖರೇದು ಎಂದಾಯಿತಲ್ಲ? ನಮ್ಮದೂ ಒಂದೀಟ ಸರದೈತ್ರಿ ಎಂದು ಒಬ್ಬ ಅಂದ. ನಮ್ಮದು ಆಗಲೇ ಅರ್ಧ ಹೊರಗ ಹೋಗೈತಿ ಎಂದು ಇನ್ನೊಬ್ಬ ಅಂದ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಫರಸಿ ಕಿತ್ತು ಕೂಡಿಸುವ ಸಪ್ಪಳ ಓಣಿ ಓಣಿಯಲ್ಲಿ ಕೇಳತೊಡಗಿತು. ಮೌನೇಶಾಚಾರಿಗೆ ಕೈತುಂಬ ಕೆಲಸ. ಈಗ ಅವನು ಬಾಲವಷ್ಟೇ ಇರುವ ಕಲ್ಲುಗಳನ್ನು ಕೆತ್ತುತ್ತಿದ್ದ, ಮೀನು ಅದೇ ಈಗ ಹೊರಟಂತೆ. ಮೀನು ಹೋಗಿದ್ದಕ್ಕೆ ತವರಿಗೆ ಬಂದು ಮೂಲೆ ಸೇರಿದ್ದ ಹೆಂಗಸರನ್ನು ಹುಡುಕಿಕೊಂಡು ಬಂದು ಅರಿಸಿನ ಕುಂಕುಮಕ್ಕೆ ಕರೆಯತೊಡಗಿದರು. ಅಕ್ಕನನ್ನು ಲೇ ಪಾರಿ ಅನ್ನುತ್ತಿದ್ದವರು ಪಾರವ್ವಬಾಯಾರ ಅಂದರು. ಅಕ್ಕ, "ರೊಟ್ಟಿ ಸುಡಾಕ ಹತ್ತೇನಿ, ಆಮ್ಯಾಲ ಬರ್ರಿ," ಅಂದಳು.

ಪಟ್ಟೇದ ಶಂಕ್ರವ್ವನ ಸಂಕಟ ಎಲ್ಲರದಕ್ಕಿಂತ ದೊಡ್ಡದು. ಕಿರಿಯ ಸೊಸೆಯ ಮೀನಿನ ಸುತ್ತ ಅವಳು ಹಿತ್ತಾಳೆಯ ಕಟಾಂಜನ ಮಾಡಿಸಿ, ನಿತ್ಯ ಹೂವು ಏರಿಸುತ್ತಿದ್ದಳು. ಅಯ್ಯಂಗಾರರು ಕಟಾಂಜನದೊಳಗೆ ಕೈ ಹಾಕಿ ಒರೆಸಿ, ಇದರಲ್ಲಿ ಏಲಕ್ಕಿಯೂ ಇದೆ ಅಂದಿದ್ದರು. ಅವಮಾನದಿಂದ ಹಾಸಿಗೆ ಹಿಡಿದ ಮುದುಕಿ ಒಂದು ಬೆಳಗ್ಗೆ ಚಂಗನೆ ಎದ್ದು ಕೂತಳು. "ನಮ್ಮ ಹಿರೇ ಸೊಸಿದು ಖರೇ ಮೀನ ಇತ್ತಲ್ಲ!" ಹೋದ ಮೀನು ಸಿಕ್ಕರೆ ಊರಲ್ಲೆಲ್ಲ ಖರೇ ಮೀನಿನ ಮನೆ ತಮ್ಮದೊಂದೇ ಆಗುತ್ತದೆ. ಅಯ್ಯಂಗಾರರಿಗೆ ಹೇಳಿಕಳಿಸಿದಳು. ಅವರೊಡನೆ ನಾನೂ ಹೋದೆ. ಎಷ್ಟೋ ವರ್ಷಗಳ ಮೇಲೆ ಆ ಪಡಸಾಲೆಗೆ ಕಾಲಿಟ್ಟೆ.

ಅಯ್ಯಂಗಾರರು ಅಕ್ಕನ ಖಾಲಿ ಕಲ್ಲಿನ ಮುಂದೆ ಮೊಣಕಾಲೂರಿ, ಅದನ್ನು ಕುಟ್ಟಿ ನೋಡಿ, ಕೊನೆಗೆ ನಾಲಗೆ ಚಾಚಿ ನೆಕ್ಕಿದರು. ಶಂಕ್ರವ್ವ ಮುಖ ತಿರುಗಿಸಿಕೊಂಡಳು.

"ಪದರ ಅಪ್ಪಟವಾಗಿದೆ," ಅಂದರು ಅವರು. "ಇದರಲ್ಲಿ ಮೀನು ಇದ್ದದ್ದೇ ಆದರೆ ಅದು ಎಲ್ಲಿಗೂ ಹೋಗಿರೋಲ್ಲ. ಯಾರೋ ಕಲ್ಲು ಅದಲು ಬದಲು ಮಾಡಿದ್ದಾರೆ. ಮನೆಯಲ್ಲೇ ಎಲ್ಲೋ ಇರುತ್ತೆ. ಎಲ್ಲ ಸಾಮಾನು ತೆಗೆಸಿ."

ಹೊರಸು, ಕಣಜ, ಬೀಸುವ ಕಲ್ಲು, ನೀರಿನ ಹಂಡೆ ಎಲ್ಲ ಅಂಗಳಕ್ಕೆ ಬಂದವು. ಮೀನಿಲ್ಲ. ಪಡಸಾಲೆಯ ಮೂಲೆಯಲ್ಲಿ ಉಳಿದದ್ದು ಮನೆತನದ ತಿಜೋರಿ ಒಂದೇ. ಆಳೆತ್ತರದ ಕಬ್ಬಿಣದ್ದು, ಮೂರು ತಲೆಮಾರಿನಿಂದ ಕೂತಲ್ಲೇ ಕೂತದ್ದು. ಅಕ್ಕನ ಕಲ್ಲಿಗೂ ಅದಕ್ಕೂ ನಡುವೆ ನಾಲ್ಕು ಹೆಜ್ಜೆಯೂ ಇರಲಿಲ್ಲ.

"ಅದನ್ನೂ ಸರಿಸಿ," ಅಂದರು ಅಯ್ಯಂಗಾರರು.

"ಶಿವ ಶಿವಾ! ಮನಿ ಲಕ್ಷ್ಮೀನ ಕದಲಸ್ತಾರೇನ್ರಿ? ಅವತ್ತ ಹುಡುಕಿದಾಗೂ ಅದಕ್ಕ ಕೈ ಹಚ್ಚಗೊಟ್ಟಿಲ್ಲ ನಾ," ಅಂದಳು ಶಂಕ್ರವ್ವ. ಅಂದವಳೇ, ತಾನು ಏನು ಅಂದೆ ಎನ್ನುವುದು ತನ್ನ ಕಿವಿಗೇ ಬಿದ್ದ ಹಾಗೆ ಸೆರಗು ಬಾಯಿಗಿಟ್ಟುಕೊಂಡಳು. ನಾನು ಅಡಿವೆಪ್ಪನ ಮುಖ ನೋಡಿದೆ. ಅವನು ತಿಜೋರಿಯನ್ನು ನೋಡುತ್ತಿದ್ದ. ಕೊನೆಗೆ ಲಕ್ಷ್ಮಿಗಿಂತ ಮಾನ ದೊಡ್ಡದಾಯಿತು. ಖಣಿಯಿಂದ ಆಳುಗಳು ಬಂದು ಹಾರೆ ಕೊಟ್ಟು, ಐಸಾ ಎಂದು ತಿಜೋರಿಯನ್ನು ಮಗ್ಗುಲಿಗೆ ತಳ್ಳಿದರು.

ಮೀನು ಅಲ್ಲಿತ್ತು. ಧೂಳು ಒರೆಸಿದಾಗ ಬಾಲ ಬೀಸಿಕೊಂಡು, ಬಾಯಿ ಒಂದಿಷ್ಟೇ ತೆರೆದುಕೊಂಡು, ಅಪ್ಪ ತೆಗೆದುಕೊಟ್ಟದ್ದೇ. ಪಡಸಾಲೆಯ ಈ ಕಡೆಯಿಂದ ಆ ಮೂಲೆಗೆ ಹೋಗಿ ತಂಪಿನಲ್ಲಿ ಮಲಗಿತ್ತು. ಮನೆಯ ಹೊಸ್ತಿಲು ದಾಟುವ ಮಾತಿರಲಿ, ಹೊಸ್ತಿಲ ದಿಕ್ಕಿಗೆ ಮುಖ ಕೂಡ ಮಾಡಿರಲಿಲ್ಲ. ಅಯ್ಯಂಗಾರರು ಹತ್ತಿ ಒರೆಸಿದರು, ಹತ್ತಿ ಬೆಳ್ಳಗೇ ಉಳಿಯಿತು. ಅವರು ಕನ್ನಡಕ ತೆಗೆದು, ನೆಲದ ಮೇಲೆ ಕೂತು ಮಕ್ಕಳಂತೆ ಅತ್ತುಬಿಟ್ಟರು. ನನಗೂ ಅಳು ಬಂತು, ಆದರೆ ನನ್ನದು ಸಿಟ್ಟಿನ ಅಳು. ಒಂದು ತಿಜೋರಿ ಸರಿಸಿ ನೋಡುವುದಕ್ಕಿಂತ ನನ್ನಕ್ಕನನ್ನು ಹೊರಗೆ ಹಾಕುವುದು ಇವರಿಗೆ ಹಗುರವಾಗಿತ್ತಲ್ಲ.

ಓಡಿ ಬಂದು ಹೇಳಿದೆ. ಅಕ್ಕ ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ನಿಂತಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯೆದ್ದಿತು, ಅವಳು ಜೀವಮಾನದಲ್ಲಿ ಹೊತ್ತಿಸಿದ ರೊಟ್ಟಿ ಅದೊಂದೇ.

"ಹಂಗಾದ್ರ ನಾ ಖರೇನ ಹೇಳಿದ್ದೆನೋ ಈರಣ್ಣ," ಅಂದಳು. "ನನಗ ಇರಾಕ ಮನಸಿತ್ತು. ಅವರ ಮ್ಯಾಲ ಜೀವಾನೂ ಇತ್ತು." ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತ ನಕ್ಕಳು. ರೊಟ್ಟಿ ಬಡಿಯುವ ಹೆಂಗಸರೆಲ್ಲ ಕೈ ನಿಲ್ಲಿಸಿ ಕೂತರು.

ಮರುದಿನ ಪಟ್ಟೇದವರ ಮನೆಯಿಂದ ಕರೆ ಬಂತು. ಸೊಸೆ ಬಂದು ಮತ್ತೆ ಬಲಗಾಲಿಂದ ಮೀನು ಮೆಟ್ಟಿ ಮನೆ ತುಂಬಬೇಕು. ಉಡಿಮೀನು ಸೊಸೆಯ ಸೊತ್ತು, ಅವಳಿಲ್ಲದೆ ಮೀನಿಗೆ ಮಾನವಿಲ್ಲ. ಹೋಗಬೇಡ ಅನ್ನಬೇಕೆಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಆದರೆ ಅಕ್ಕ ಆಗಲೇ ಪೆಟ್ಟಿಗೆಯ ತಳದಿಂದ ಮದುವೆಯ ಇಳಕಲ್ಲ ಸೀರೆ ತೆಗೆದು ಕೊಡವುತ್ತಿದ್ದಳು. ನಾಲ್ಕು ಸೀರೆ, ಅವ್ವನ ಒಂದು ಬೆಳ್ಳಿಯ ಕುಂಕುಮ ಭರಣಿ ಗಂಟು ಕಟ್ಟಿದಳು. ಖಾನಾವಳಿಯ ಕೀಲಿ ನನ್ನ ಕೈಗಿಟ್ಟಳು. "ಪಲ್ಯಾಕ ಉಪ್ಪ ನೀನ ರುಚಿ ನೋಡು, ಅವರ ಕೈಯಾಗ ಬಿಡಬ್ಯಾಡ," ಅಂದಳು. ಅವಳ ಮುಖದಲ್ಲಿ ಹದಿನೆಂಟರ ಕಳೆ ಬಂದಿತ್ತು. ನಾನು ಗಂಟು ಹೊತ್ತು ಅವಳ ಹಿಂದೆ ನಡೆದೆ.

ಪಟ್ಟೇದವರ ಬಾಗಿಲಿಗೆ ತೋರಣ ಕಟ್ಟಿತ್ತು. ಪಡಸಾಲೆಯ ತುಂಬ ಜನ, ಎದುರಿಗೆ ಹಿರಿಯರು, ನಡುವೆ ಗುರಬಸಪ್ಪಜ್ಜ. ಶಂಕ್ರವ್ವ ಆರತಿ ಹಿಡಿದು ಬಂದು, "ಬಾರವಾ ನನ್ನ ಬಂಗಾರಾ. ನೋಡು, ನಿನ್ನ ಮೀನ ನಮ್ಮ ಮನಿ ಬಿಟ್ಟ ಎಲ್ಲೀನೂ ಹೋಗಿದ್ದಿಲ್ಲ. ನನಗ ಆವಾಗ ಗೊತ್ತಿತ್ತವಾ ನೀ ಛಲೋ ಹುಡುಗಿ ಅಂತ," ಅಂದಳು. ಅಕ್ಕ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆದರೆ ಅವಳ ಕಣ್ಣು ಬೇರೆ ಯಾರನ್ನೋ ಹುಡುಕುತ್ತಿತ್ತು.

ಅಡಿವೆಪ್ಪ ಮೂಲೆಯಲ್ಲಿದ್ದ. ಹೊಸ ಧೋತರ ಉಟ್ಟು, ಮೀನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತಿದ್ದ. ಸಿಕ್ಕ ಮೀನು ಮತ್ತೆ ಹೋಗದಂತೆ ಮನೆಯವರು ಪಾಳಿ ಹಚ್ಚಿಕೊಂಡಿದ್ದರು. ಯಾರಾದರೊಬ್ಬರು ನೋಡುತ್ತಲೇ ಇದ್ದರೆ ಅದು ಕದಲಲಾರದಲ್ಲ. ಅವನ ಎದುರಿಗೆ ಅಯ್ಯಂಗಾರರೂ ಕೂತು ನೋಡುತ್ತಿದ್ದರು. "ಶಾಸ್ತ್ರದ ಪ್ರಕಾರ ಇದು ಕದಲೋಕೆ ಸಾಧ್ಯವೇ ಇಲ್ಲ," ಎಂದು ನನಗೆ ಹೇಳಿದರು, ಮೀನಿನಿಂದ ಕಣ್ಣು ಕೀಳದೆ.

ಅಕ್ಕ ಹತ್ತಿರ ಹೋಗಿ ನಿಂತಳು.

"ಅರಾಮ ಅದೀರೇನ್ರಿ?" ಅಂದಳು.

"ಹೂಂ," ಅಂದ ಅಡಿವೆಪ್ಪ.

"ನಾ ಬಂದೇನ್ರಿ."

"ಗೊತ್ತಾತು. ದನಿ ಕೇಳಿದೆ." ಅವನ ಕಣ್ಣಲ್ಲಿ ನೀರು ತುಂಬಿತ್ತು. ಒರೆಸಿಕೊಂಡರೆ ಮೀನು ತಪ್ಪಿಸಿಕೊಂಡೀತೆಂದು ಹಾಗೆಯೇ ಬಿಟ್ಟಿದ್ದ. "ನಸಕಿನಿಂದ ಪಾಳಿ ನಂದ ಐತಿ. ಈ ಸಲ ಹೋಗಗೊಡಾಂಗಿಲ್ಲ ಬಿಡು ಪಾರಿ. ನಾ ಕಣ್ಣ ತಗಿಯೂದ ಇಲ್ಲ."

ಅಕ್ಕ ಅವನ ತಲೆಯನ್ನು ನೋಡುತ್ತ ನಿಂತಳು. ನೆತ್ತಿಯಲ್ಲಿ ಕೂದಲು ಉದುರಿ ಬೆಳ್ಳಗಾಗಿದ್ದ ಜಾಗವಷ್ಟೇ ಅವಳಿಗೆ ಕಾಣುತ್ತಿದ್ದಿರಬೇಕು. ನಾನು ಗಂಟನ್ನು ಕೆಳಗಿಡಬೇಕೋ ಬೇಡವೋ ತಿಳಿಯದೆ ಹೊತ್ತುಕೊಂಡೇ ಇದ್ದೆ.

ಗುರಬಸಪ್ಪಜ್ಜ ಗಂಟಲು ಸರಿಮಾಡಿಕೊಂಡ. ಪದ್ಧತಿ ಪದ್ಧತಿಯೇ. "ಪಾರವ್ವಾ, ಈ ಮನ್ಯಾಗ ಇರಾಕ ನಿನಗ ಮನಸೈತೇನವಾ?"

"ಇಲ್ರಿ ಅಜ್ಜಾ," ಅಂದಳು ಅಕ್ಕ.

ಅಜ್ಜ ಕಿವಿಯ ಹತ್ತಿರ ಕೈ ಹಿಡಿದು, "ಏನಂದಿ? ಮೀನ ಇಲ್ಲೇ ಐತಲ್ಲವಾ. ಅದು ಇರತೇನಂತೈತಿ. ಖರೇ ಮೀನ ಐತಿ," ಅಂದ.

"ಖರೇನ ಐತ್ರಿ. ನಮ್ಮಪ್ಪ ತಗದದ್ದು," ಅಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಗಿರಾಕಿಗೆ ಲೆಕ್ಕ ಹೇಳುವಷ್ಟು ನೆಟ್ಟಗಿತ್ತು. "ಅವತ್ತ ನಾ ಇರತೇನಂದಿದ್ದೆ. ನೀವು ನನ್ನ ಮಾತ ಬಿಟ್ಟು ಮೀನಿನ ಮಾತ ಕೇಳಿದ್ರಿ. ಇವತ್ತ ಮೀನ ಇರತೇನಂತೈತಿ. ಅದನ್ನ ಇಟಗೋರಿ. ನಾ ಹೊಂಟೆ."

ಅಡಿವೆಪ್ಪ ತಲೆ ಎತ್ತಿದ. ಎಷ್ಟೋ ವರ್ಷಗಳ ಮೇಲೆ ಅವನು ಅಕ್ಕನ ಮುಖವನ್ನು ನೆಟ್ಟಗೆ ನೋಡಿದ್ದು ಅಂದೇ ಇರಬೇಕು. ಅಕ್ಕನೂ ನೋಡಿದಳು. ಅವನ ತುಟಿ ಅಲುಗಿತು.

"ಏ, ಮೀನ ನೋಡಲೇ! ಮೀನ ನೋಡು!" ಎಂದು ಶಂಕ್ರವ್ವ ಚೀರಿದಳು.

ಅವನು ಮತ್ತೆ ತಲೆ ತಗ್ಗಿಸಿದ.